ಫೌಜದಾರನಿಗೆ ಕಟ್ಟಿದ ಪಟ್ಟಿ

ಅಮೋಗಸಿದ್ಧನ ಕೈ ಬೀಳದ ಟಗರನ್ನು ಕರಜಗಿಯ ಕುರುಬರು ಟಗರೆಂದೇ ಒಪ್ಪುತ್ತಿರಲಿಲ್ಲ. ಬೀಜದ ಟಗರು ಕೊಳ್ಳುವವರು ಅವನನ್ನು ಮುಂದಿಟ್ಟುಕೊಂಡೇ ಅಕ್ಕಲಕೋಟೆಯ ಸಂತೆಗೆ ಹೋಗಬೇಕು. ಅವನು ಹಲ್ಲು ನೋಡುವವನಲ್ಲ, ಕೋಡು ನೋಡುವವನಲ್ಲ. ನೇರವಾಗಿ ಟಗರಿನ ಹಿಂದೆ ಹೋಗಿ, ಕುಕ್ಕರುಗಾಲಲ್ಲಿ ಕೂತು, ಬೀಜ ಎರಡನ್ನೂ ಅಂಗೈಯಲ್ಲಿ ತೂಗಿ, ದೇವರ ಮುಂದೆ ಕೂತವನಂತೆ ಕಣ್ಣು ಮುಚ್ಚುವನು. ಆಮೇಲೆ ತೀರ್ಪು. ಅದನ್ನೂ ಮೆಲ್ಲಗೆ ಹೇಳುವ ಅಭ್ಯಾಸವಿಲ್ಲ. ಈರುಳ್ಳಿ ಮಾರುವವಳಿಗೂ ಕೇಳಬೇಕು.

ಆ ದಿನ ಟಗರು ಬೇಕಾಗಿದ್ದದ್ದು ಬಂಡೆಪ್ಪನಿಗೆ. ಬಂಡೆಪ್ಪನಿಗೆ ಒಂದಿಷ್ಟು ಹೊಲ, ಒಂದಿಷ್ಟು ಕುರಿ, ಒಂದು ಮೂರು ಗಾಲಿಯ ಟಮ್‌ಟಮ್ ಗಾಡಿ, ಮತ್ತು ಊರಿನ ಸುದ್ದಿಯನ್ನೆಲ್ಲ ಆ ಗಾಡಿಯಲ್ಲೇ ಹೊತ್ತು ಹಂಚುವ ಚಟ ಇದ್ದವು. ಅವನು ಮೆಚ್ಚಿದ ಟಗರು ನೋಡಲಿಕ್ಕೆ ರಾಜನಂತಿತ್ತು. ಅಮೋಗಸಿದ್ಧ ಕಣ್ಣು ಮುಚ್ಚಿದ, ಕಣ್ಣು ತೆರೆದ, ಕೈ ಝಾಡಿಸಿದ.

"ಇದು ಬ್ಯಾಡ ಬಂಡೆಪ್ಪಾ. ಬಲಗಡಿದು ಭಾರ ಐತಿ, ಕಲ್ಲಾಗೈತಿ. ಒತ್ತಿದ್ರ ಒದೀಬೇಕು. ಇದು ನೋಡು, ಸುಮ್ನ ಮೆಲಕ ಹಾಕಾಕತ್ತೈತಿ. ನೋವಿಲ್ಲದ ಗಂಟು ಭಾಳ ಕೆಟ್ಟದ್ದು. ಕಸಾಯಿಗೆ ಕೊಡಾಕ ಹೇಳು."

ಎರಡು ಮಾರು ದೂರದಲ್ಲಿ ಹಸಿಮೆಣಸಿನಕಾಯಿ ಆರಿಸುತ್ತಿದ್ದ ಅವನ ಹೆಂಡತಿ ಸುಗಲಾಬಾಯಿ ಆರಿಸುವುದನ್ನು ಬಿಟ್ಟು ಗಂಡನ ಕಡೆ ನೋಡಿದಳು. ಸಂತೆ ಮುಗಿದು ಎಸ್.ಟಿ. ಬಸ್ಸಿನಲ್ಲಿ ಊರು ಮುಟ್ಟುವ ತನಕ ಒಂದು ಮಾತೂ ಆಡಲಿಲ್ಲ. ಅವಳು ಸುಮ್ಮನಿದ್ದಾಳೆ ಅಂದರೆ ಒಳಗೆ ಏನೋ ಹುರಿಯುತ್ತಿದ್ದಾಳೆ ಅಂತಲೇ ಅರ್ಥ. ಅಮೋಗಸಿದ್ಧ ಮೆಣಸಿನಕಾಯಿ ತುಟ್ಟಿಯಾಗಿರಬೇಕು ಅಂದುಕೊಂಡ.

ಮನೆಗೆ ಬಂದು ಚಹಾ ಕುಡಿಯುತ್ತಿದ್ದಾಗ ಅವನ ತೊಡೆಯ ಮೇಲೆ ಅವನದೇ ಪಟ್ಟಾಪಟ್ಟಿ ಚಡ್ಡಿಯೊಂದು ಬಂದು ಬಿತ್ತು.

"ಇವತ್ತ ಬಂಡೆಪ್ಪಗ ಟಗರು ಯಾಕ ಬ್ಯಾಡಂದ್ರಿ?"

"ಅದಕ್ಕ ಬಲಗಡಿದು ಭಾರ..." ಅಂದವನು ಬಾಯಿ ಮುಚ್ಚಿಕೊಂಡ.

"ಈ ಚಡ್ಡಿ ಹೊಲಿಗಿ ಎಷ್ಟ ಸಲ ಬಿಚ್ಚಿ ಸಡಲ ಮಾಡೀನಿ ನಾ? ಬಲಗಡಿ ಅಷ್ಟ. ಎಡಗಡಿ ಅಂಗಡ್ಯಾಗಿಂದ ತಂದಂಗ ಐತಿ."

ಇಲ್ಲಿ ಅಮೋಗಸಿದ್ಧನ ಗುಟ್ಟನ್ನು ಹೇಳಿಬಿಡಬೇಕು. ಐವತ್ತು ದಾಟಿದ ಈ ಮನುಷ್ಯನಿಗೆ ಆ ಭಾರ ಶುರುವಾದಾಗಿನಿಂದ ಒಳಗೊಳಗೇ ಹೆಮ್ಮೆ ಬೆಳೆದಿತ್ತು. ಓರಗೆಯವರೆಲ್ಲ ಬಾಗುತ್ತಿದ್ದಾರೆ, ಕೆಮ್ಮುತ್ತಿದ್ದಾರೆ, ತನಗೆ ಮಾತ್ರ ದೇವರು ಈ ವಯಸ್ಸಿನಲ್ಲೂ ತೂಕ ಕೂಡಿಸುತ್ತಿದ್ದಾನೆ ಅಂತ ಅವನ ಲೆಕ್ಕ. ಬೀಜದ ಟಗರಿಗೆ ತೂಕವೇ ಗುಣ ಅಂತ ಜೀವಮಾನವೆಲ್ಲ ಹೇಳಿದವನು ತನ್ನ ತೂಕವನ್ನು ಹೇಗೆ ಬಿಟ್ಟಾನು? ಎರಡೂ ಸಮ ಇರಬೇಕು ಅನ್ನುವ ಉಳಿದರ್ಧ ಮಾತನ್ನು ತನ್ನ ಮಟ್ಟಿಗೆ ಜಾಣತನದಿಂದ ಮರೆತಿದ್ದ.

"ಅದು ತಾಕತ್ತು," ಅಂದ.

"ಆಹಾ! ತಾಕತ್ತು ಬಲಗಡಿಗಷ್ಟ ಹೋಗಿ ಕೂಡತೈತೇನ್ರಿ? ಒತ್ತಿದ್ರ ನೋಯತೈತಿ?"

ಅವನು ಚಹಾದ ಬಸಿಯೊಳಗೆ ನೋಡಿದ.

"ಕೇಳಾಕತ್ತೀನಿ. ಒದೀತೀರೋ, ಮೆಲಕ ಹಾಕ್ತೀರೋ?"

ಅವನಿಗೆ ನಗು ಬಂತು. ಆ ನಗು ಅರ್ಧಕ್ಕೇ ನಿಂತಿತು. ತಾನು ಕೈಯಾರೆ ಹಿಡಿದು ಕಸಾಯಿಗೆ ಕಳಿಸಿದ ಟಗರುಗಳೆಲ್ಲ ಸಾಲಾಗಿ ನಿಂತು ತನ್ನನ್ನೇ ನೋಡಿದಂತಾಯಿತು.

ಆದರೂ ದವಾಖಾನೆಗೆ ಒಲ್ಲೆ ಅಂದ. ಸಾವಿನ ಹೆದರಿಕೆ ಇತ್ತು, ಸುಳ್ಳೇಕೆ? ಆದರೆ ಅದಕ್ಕಿಂತ ದೊಡ್ಡ ಹೆದರಿಕೆ ಹೆಸರಿನದು. ಡಾಕ್ಟರು ಅದನ್ನು ತೆಗೆದರೆ, ಅದು ಊರಿಗೆ ಗೊತ್ತಾದರೆ, ಯಾವನು ತನ್ನ ಟಗರಿಗೆ ಅವನ ಕೈ ಹಚ್ಚಿಸಿಯಾನು? ಬೀಜ ಒಡೆಸಿಕೊಂಡ ಅಮೋಗಸಿದ್ಧ ಅಂತ ಬಂಡೆಪ್ಪ ಸೊಲ್ಲಾಪುರದ ತನಕ ಸಾರಿಕೊಂಡು ಹೋಗುತ್ತಾನೆ. ಸಲಗರ ಬುದ್ರುಕಕ್ಕೆ ಕೊಟ್ಟ ಮಗಳು ಸಾರಿಕಾಳ ಗಂಡನ ಮನೆಗೂ ಮುಟ್ಟುತ್ತದೆ. ಇಷ್ಟು ವರ್ಷ ಸಂತೆಯಲ್ಲಿ ನಿಂತು ಗಳಿಸಿದ ಹೆಸರು ಒಂದೇ ದಿನಕ್ಕೆ ಮಣ್ಣು.

"ಹೆಸರು ಹೋಗೂದಕ್ಕಿಂತ ನಾ ಹೋಗೂದು ಛಲೋ," ಅಂದ.

"ಹೋಗ್ರಿ. ನಾಳಿಗೆ ನಿಮ್ಮ ಹೆಸರು ಉಟಗೊಂಡು ತಿರಗತೀನಿ ನಾ," ಅಂದಳು ಸುಗಲಾಬಾಯಿ. ಬೈಗುಳದಲ್ಲಿ ಶುರುವಾದ ದನಿ ಅಳುವಿನಲ್ಲಿ ಮುಗಿಯಿತು. ಅವಳು ಅತ್ತದ್ದನ್ನು ಅವನು ಕಂಡದ್ದೇ ಅಪರೂಪ. ಅವನು ಸೋತ.

ಸೋತರೂ ಕರಾರು ಹಾಕಿದ: ಒಂದು ನರಪಿಳ್ಳೆಗೂ ಗೊತ್ತಾಗಬಾರದು. ಗಂಡ ಹೆಂಡತಿ ಇಬ್ಬರೂ ಒಗೆದ ಬಟ್ಟೆ ಉಟ್ಟು ಸೊಲ್ಲಾಪುರಕ್ಕೆ ಹೊರಟರೆ ಊರಿಗೆ ಊರೇ ಯಾರಿಗೇನು ಅಂತ ಕೇಳುತ್ತದೆ. ಸುಗಲಾಬಾಯಿ ಕಣ್ಣೊರೆಸಿಕೊಂಡು ಅಂಗಳದ ಕಡೆ ನೋಡಿದಳು. ಅಲ್ಲಿ ಗೂಟಕ್ಕೆ ಕಟ್ಟಿದ್ದ ಫೌಜದಾರ ತನ್ನ ಪಾಡಿಗೆ ತೊಗರಿ ಹೊಟ್ಟು ತಿನ್ನುತ್ತಿದ್ದ. ಅವರ ಮನೆಯ ಬೀಜದ ಟಗರು; ನಡಿಗೆಯ ಠೀವಿ ನೋಡಿ ಜನರೇ ಇಟ್ಟ ಹೆಸರು.

"ಫೌಜದಾರಗ ಆಗೈತಿ ಅನ್ನೂಣು," ಅಂದಳು.

ಟಗರಿನ ಬೀಜದ ಬಗ್ಗೆ ಕಟ್ಟೆಯ ಮೇಲೆ ಕೂಗಿ ಮಾತಾಡಬಹುದು, ಅದರಲ್ಲಿ ಲಜ್ಜೆಯಿಲ್ಲ. ಹೀಗೆ ಅಮೋಗಸಿದ್ಧನ ಬೇನೆ ಫೌಜದಾರನ ತಲೆಗೆ ಕಟ್ಟಲಾಯಿತು. ಮರುದಿನ ಬಂಡೆಪ್ಪನ ಟಮ್‌ಟಮ್‌ನಲ್ಲಿ ಮೂವರೂ ಹೊರಟರು. ಹಿಂದೆ ಟಗರು, ಟಗರಿನ ಪಕ್ಕ ಅಮೋಗಸಿದ್ಧ. ಕುಂಭಾರಿ ದಾಟುವ ತನಕ ಬಂಡೆಪ್ಪ ಟಗರಿಗಾಗಿ ಮರುಗಿದ. "ಎಂಥಾ ಗಂಡು ಪ್ರಾಣಿ! ಇನ್ನ ಮುಗೀತು ಬಿಡ್ರಿ ಇವನ ಜಲಮ," ಅಂತ ತಿರುತಿರುಗಿ ಹೇಳಿದ. ಅಮೋಗಸಿದ್ಧ ಪ್ರತಿ ಮಾತಿಗೂ ಕುಗ್ಗಿದ. ಫೌಜದಾರ ಗಾಳಿಗೆ ಮುಖವೊಡ್ಡಿ ಹಾಯಾಗಿ ನಿಂತಿದ್ದ.

ಸೊಲ್ಲಾಪುರದಲ್ಲಿ ಸುಗಲಾಬಾಯಿಯ ಅಕ್ಕನ ಮಗಳು ಕಾಜಲಳ ಮನೆ. ಟಗರನ್ನು ಅವಳ ಬಾಗಿಲಿಗೆ ಕಟ್ಟಿ, ಬಂಡೆಪ್ಪನನ್ನು ಸಾಗಹಾಕಿ, ಇಬ್ಬರೂ ದವಾಖಾನೆಗೆ ನಡೆದರು. ಅವರು ಅತ್ತ ಹೋದದ್ದೇ ಫೌಜದಾರ ಕಾಜಲಳ ತುಳಸಿ ಗಿಡವನ್ನು ಬುಡದ ತನಕ ತಿಂದ ಅನ್ನುವುದು ಬೇರೆ ಮಾತು.

ಒಳಗೆ ಕೂತಿದ್ದ ಡಾಕ್ಟರು ಹೆಣ್ಣುಮಗಳು. ಹೆಸರು ಪೂನಮ. ಅಮೋಗಸಿದ್ಧ ಬಾಗಿಲಲ್ಲೇ ತಿರುಗಿದ; ಸುಗಲಾಬಾಯಿ ಅವನ ಧೋತರದ ಚುಂಗು ಹಿಡಿದಿದ್ದಳು, ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಪರೀಕ್ಷೆ ಅಲ್ಲೇ ಆಗಿಹೋಗುತ್ತಿತ್ತು. ಪರದೆಯ ಹಿಂದೆ ಮಲಗಿ, ಮೇಲೆ ತಿರುಗುವ ಫ್ಯಾನು ನೋಡುತ್ತ, ಡಾಕ್ಟರ ಕೈ ತನ್ನನ್ನು ತೂಗುವಾಗ, ಟಗರುಗಳಿಗೂ ನಾಚಿಕೆ ಆಗುತ್ತಿತ್ತೇನೋ ಅಂತ ಅವನಿಗೆ ಮೊದಲ ಸಲ ಅನ್ನಿಸಿತು.

"ಯಾವಾಗಿಂದ ಐತ್ರಿ ಕಾಕಾ ಇದು?"

"ಎರಡು ದೀಪಾವಳಿ ಆಗಿರಬೇಕ್ರಿ."

"ಎರಡು ದೀಪಾವಳಿ? ಇಲ್ಲೀತನಕ ಪಟಾಕಿ ಹೊಡಕೋತ ಕುಂತಿದ್ರೇನ್ರಿ?"

ಅದನ್ನು ತಾಕತ್ತು ಅಂದುಕೊಂಡಿದ್ದೆ ಅಂತ ಹೇಳುವ ಧೈರ್ಯ ಅವನಿಗಾಗಲಿಲ್ಲ. ಹೆಂಡತಿ ಹೇಳಿಬಿಟ್ಟಳು. ಡಾಕ್ಟರು ಬಾಯಿಗೆ ಕೈ ಅಡ್ಡ ಹಿಡಿದರು.

ತಣ್ಣನೆಯ ಲೋಳೆ ಸವರಿ ಸೋನೋಗ್ರಾಫಿ ಮಾಡಿದರು, ರಕ್ತ ತೆಗೆದರು. ಎಲ್ಲ ನೋಡಿದ ಮೇಲೆ ಡಾಕ್ಟರು ನಗು ಬಿಟ್ಟು ಮಾತಾಡಿದರು. ಗಂಟು ಒಳಗೇ ಇದೆ, ನೀರಿನದಲ್ಲ, ಗಟ್ಟಿ. ಕ್ಯಾನ್ಸರ್ ಇರಬಹುದು.

"ಖರೇ ಹೇಳಬೇಕಂದ್ರ ಇದು ಹುಡುಗರ ಬ್ಯಾನಿ ಕಾಕಾ. ಇಪ್ಪತ್ತೈದು, ಮೂವತ್ತು ವಯಸ್ಸಿನವರು ಬರತಾರ ನಮ್ಮ ಕಡೆ. ನಿಮ್ಮ ವಯಸ್ಸಿನ್ಯಾಗ ಕಮ್ಮಿ."

ಕ್ಯಾನ್ಸರ್ ಅನ್ನುವ ಮಾತು ಇನ್ನೂ ಕಿವಿಯಲ್ಲೇ ಇದ್ದರೂ, ಹುಡುಗರ ಬೇನೆ ಅಂದದ್ದಕ್ಕೆ ಅಮೋಗಸಿದ್ಧನ ಬೆನ್ನು ಒಂದಿಷ್ಟು ನೆಟ್ಟಗಾಯಿತು. ಸುಗಲಾಬಾಯಿ ಅದನ್ನು ಕಂಡು ರಟ್ಟೆ ಚಿವುಟಿದಳು.

"ಸೂಜಿ ಚುಚ್ಚಿ ನೋಡಾಕ ಬರೂದಿಲ್ಲ, ಗಂಟಿನ್ಯಾಗಿಂದು ಸುತ್ತ ಚೆಲ್ಲತೈತಿ. ಇಲ್ಲಿ ತೊಡಿ ಸಂದಿನ್ಯಾಗ ಕೊಯ್ದು, ಮ್ಯಾಲಿನ ನರ ಕಟ್ಟಿ, ಪೂರ್ತಿ ಹೊರಗ ತಗೀತೀವಿ. ತಗದು ತಪಾಸಣಿ ಮಾಡಿದ ಮ್ಯಾಲ ಅದು ಯಾವ ಜಾತಿದು ಅಂತ ಗೊತ್ತಾಗತೈತಿ."

"ಕೊಯ್ಯಾಕ ಬೇಕೇನ್ರಿ ಬಾಯಿ? ನಾವು ಟಗರಿಗೆ ಇಕ್ಕಳ ಹಾಕಿ ಒತ್ತತೀವಿ. ಗಾಯ ಇಲ್ಲ, ಏನಿಲ್ಲ. ಸಂಜೀಕ ಮೇಯಾಕ ಹೋಗತಾವು."

"ಆ ಇಕ್ಕಳ ಮನ್ಯಾಗ ಇರ್ಲಿ ಕಾಕಾ! ಗಂಟನ್ನ ಒತ್ತಿ ಒಳಗ ಬಿಟ್ರ ಏನ್ ಬಂತು? ನಮಗ ಅದನ್ನ ಹೊರಗ ತಂದು ನೋಡಬೇಕು."

"ಉಳಿದ ಒಂದರ ಮ್ಯಾಲ..."

"ಒಂದು ಸಾಕು. ದನಿ, ಮೀಸಿ, ಸಂಸಾರ ಎಲ್ಲಾ ಹಂಗ ಇರತಾವು."

"ದನಿ ಒಂದೀಟು ಕಮ್ಮಿ ಆದ್ರೂ ನಡೀತೈತ್ರಿ," ಅಂದಳು ಸುಗಲಾಬಾಯಿ.

ಆಪರೇಶನ್ ಆಯಿತು. ಅಮೋಗಸಿದ್ಧ ಹಣೆಗೆ ಬೀರೋಬಾ ದೇವರ ಭಂಡಾರದ ಅರಿಷಿಣ ಹಚ್ಚಿಕೊಂಡು ಒಳಗೆ ಹೋದವನು, ತೊಡೆಯ ಸಂದಿಯಲ್ಲಿ ಹೊಲಿಗೆ ಹಾಕಿಸಿಕೊಂಡು ಹೊರಗೆ ಬಂದ. ಹೊಲಿಗೆ ಬಲಗಡೆಯೇ. ಸುಗಲಾಬಾಯಿ ಚಡ್ಡಿಗೆ ಹಾಕುವ ಹೊಲಿಗೆಗಿಂತ ಚೆನ್ನಾಗಿತ್ತು ಅಂತ ಅವಳೇ ಒಪ್ಪಿದಳು.

ತೊಂದರೆ ಬಂದದ್ದು ಊರಿಗೆ ಮರಳುವಾಗ. ಆಪರೇಶನ್ ಆದ ಟಗರು ಕಾಜಲಳ ಮನೆಯ ಮೆಟ್ಟಿಲು ಹಾರಿ ಹಾರಿ ಇಳಿಯುತ್ತಿತ್ತು. ಏನೂ ಆಗದ ಅಮೋಗಸಿದ್ಧ ಗೋಡೆ ಹಿಡಿದು ಕಾಲೆಳೆಯುತ್ತಿದ್ದ. ಸುಗಲಾಬಾಯಿ ಕಾಜಲಳ ಹಳೆಯ ಚಾದರ ಹರಿದು, ಅರಿಷಿಣ ಎಣ್ಣೆ ಸವರಿ, ಫೌಜದಾರನ ಹಿಂದಿನ ಕಾಲುಗಳ ನಡುವಿನಿಂದ ಬೆನ್ನಿನ ಮೇಲೆ ತಂದು ದೊಡ್ಡದೊಂದು ಪಟ್ಟಿ ಕಟ್ಟಿದಳು. ಗಂಡನ ನಡಿಗೆಗೆ, ಟಗರು ಇಳಿಸುವಾಗ ಸೊಂಟ ಹಿಡಿಯಿತು ಅನ್ನುವ ಕತೆ ಕಟ್ಟಿದಳು. ಬಂಡೆಪ್ಪ ಪಟ್ಟಿ ನೋಡಿ ಕಣ್ಣಲ್ಲಿ ನೀರು ತಂದುಕೊಂಡ.

ಊರು ಟಗರನ್ನು ನೋಡಲಿಕ್ಕೆ ಬಂತು. ಬಂದವರು ಬೆಲ್ಲ ತಂದರು, ಜೋಳದ ಹಿಟ್ಟು ತಂದರು. ಎಲ್ಲವನ್ನೂ ಫೌಜದಾರ ತಿಂದ. ಒಳಗೆ ಹಾಸಿಗೆ ಹಿಡಿದ ಅಮೋಗಸಿದ್ಧನನ್ನು ಕೇಳುವವರಿಲ್ಲ. ಆದರೆ ಬೆಲ್ಲ ತಂದವರು ಯಾರೂ ಕುರಿ ತರಲಿಲ್ಲ. ಬೀಜ ತೆಗೆಸಿಕೊಂಡ ಟಗರಿನ ಹತ್ತಿರ ಯಾರು ಕುರಿ ತಂದಾರು? ಅದರ ಹೆಸರು ಕೆಟ್ಟಿತು. ಒಂದು ಮಧ್ಯಾಹ್ನ ಫೌಜದಾರ ಹಗ್ಗ ಹರಿದುಕೊಂಡು, ಪಟ್ಟಿ ಬೆನ್ನಿಗೆ ಬಿಗಿದುಕೊಂಡಂತೆಯೇ ಬಂಡೆಪ್ಪನ ಹಿಂಡಿಗೆ ನುಗ್ಗಿ ತನ್ನ ಕೆಲಸ ಮುಗಿಸಿ ಬಂದ. ನೋಡಿದವರು ಬಾಯಿ ಮೇಲೆ ಬೆರಳಿಟ್ಟರು. ಸೊಲ್ಲಾಪುರದ ದನದ ಡಾಕ್ಟರು ಭಾರಿ ಇದ್ದಾನೆ ಅಂತ ಬಂಡೆಪ್ಪ ಸುತ್ತ ಊರಿಗೆಲ್ಲ ಸಾರಿದ.

ಇಷ್ಟೆಲ್ಲ ನಗುವಿನ ನಡುವೆ ಒಂದು ನಗದ ಮಾತು ಉಳಿದಿತ್ತು. ತೆಗೆದ ಗಂಟನ್ನು ಸೊಲ್ಲಾಪುರದ ಲ್ಯಾಬಿನಲ್ಲಿ ಮೊದಲು ನೋಡಿದವರು, ಇದು ಹುಡುಗರಲ್ಲಿ ಕಾಣುವ ಸಾಮಾನ್ಯ ಜಾತಿಯ ಕ್ಯಾನ್ಸರೇ, ಮುಂದೆ ಔಷಧ ಹಾಕಬೇಕಾಗಬಹುದು ಅಂದಿದ್ದರು. ಪೂನಮ ಡಾಕ್ಟರಿಗೆ ಸಮಾಧಾನವಾಗಲಿಲ್ಲ. ವಯಸ್ಸು ಹೊಂದುವುದಿಲ್ಲ, ರಕ್ತದಲ್ಲಿ ಏನೂ ಏರಿಲ್ಲ, ಇಷ್ಟು ನಿಧಾನಕ್ಕೆ ಬೆಳೆದಿದೆ. ಮುಂಬಯಿಯಲ್ಲಿ ಇದನ್ನೇ ನೋಡುವವರಿದ್ದಾರೆ, ಅವರು ಹೇಳುವ ತನಕ ಔಷಧ ಮುಟ್ಟುವುದಿಲ್ಲ ಅಂದರು. ಗಂಟನ್ನು ಅಲ್ಲಿಗೆ ಕಳಿಸಿ ಕಾಯುವ ದಿನಗಳಲ್ಲಿ ಅಮೋಗಸಿದ್ಧ ಕುರಿದೊಡ್ಡಿಯಲ್ಲಿ ಹೋಗಿ ಕೂತು, ಫೌಜದಾರನ ಕುತ್ತಿಗೆಗೆ ಮುಖ ಒತ್ತಿ ಅತ್ತ. ಬದುಕಬೇಕು ಅಂತ ಅವನಿಗೆ ಇಷ್ಟು ಆಸೆಯಿದ್ದದ್ದು ಅವನಿಗೇ ಗೊತ್ತಿರಲಿಲ್ಲ.

ಕೊನೆಗೆ ಫೋನು ಬಂತು. ಸ್ಪರ್ಮಟೊಸೈಟಿಕ್ ಟ್ಯೂಮರ್ ಅಂದರು ಡಾಕ್ಟರು. ಭಾಳ ಅಪರೂಪದ್ದು, ವಯಸ್ಸಾದವರಿಗೇ ಹೆಚ್ಚು ಬರುವಂಥದ್ದು, ನಿಧಾನಕ್ಕೆ ಬೆಳೆಯುತ್ತದೆ, ಹರಡುವುದು ಕಡಿಮೆ. ಸಿ.ಟಿ. ಸ್ಕ್ಯಾನಿನಲ್ಲೂ ಮೈಯೆಲ್ಲ ಸ್ವಚ್ಛ ಇದೆ. ತೆಗೆದದ್ದೇ ಔಷಧ, ಇನ್ನು ಆಗಾಗ ಬಂದು ತೋರಿಸಿಕೊಂಡು ಹೋದರೆ ಸಾಕು.

"ಹುಡುಗರದು ಅಲ್ಲಂತ. ಮುದುಕರದ ಅಂತ," ಅಂತ ಸುಗಲಾಬಾಯಿ ಗಂಡನನ್ನು ಕಾಡಿಸಿದಳು. ಅಂದು ಅವಳು ಹೋಳಿಗೆ ಮಾಡಿದಳು. ಮೊದಲ ಹೋಳಿಗೆ ಫೌಜದಾರನಿಗೆ.

ಕತೆ ಇಲ್ಲಿಗೆ ಮುಗಿಯಬೇಕಿತ್ತು. ಊರಿಗೆ ಏನೂ ಗೊತ್ತಾಗಿರಲಿಲ್ಲ, ಹೆಸರು ಉಳಿದಿತ್ತು, ಜೀವವೂ ಉಳಿದಿತ್ತು. ಆದರೆ ಒಂದು ದಿನ ಇಳಿಹೊತ್ತಿಗೆ ಯುವರಾಜ ಬಂದ. ಹೊಲಮನೆ ಜೋರಾಗಿರುವ ಮನೆತನದ ಹುಡುಗ, ವೈಶಾಖದಲ್ಲಿ ಮದುವೆ ಗೊತ್ತಾಗಿತ್ತು. ಎಂದೂ ಕುರಿದೊಡ್ಡಿಯ ಕಡೆ ಮುಖ ಹಾಕದವನು ಬಂದು ಫೌಜದಾರನ ಬೆನ್ನು ಸವರುತ್ತ ನಿಂತ.

"ಕಾಕಾ, ನಮ್ಮ ಹೋತಕ್ಕೂ ಹಿಂಗ ಆಗೈತ್ರಿ. ನಿಮ್ಮ ಟಗರಿಗೆ ಆದಂಗ."

"ಹೋತ? ನಿಮ್ಮ ಮನ್ಯಾಗ ಆಡು ಯಾವಾಗ ಕಟ್ಟೀರೋ? ನಿಮ್ಮವ್ವ ತತ್ತಿ ಒಡದ ಬೀದಿ ದಾಟೂದಿಲ್ಲ."

"ಹೊಲದಾಗ ಐತ್ರಿ... ಹೊಸಾದು," ಅಂದ ಯುವರಾಜ. ಕಿವಿ ಕೆಂಪಾದವು. "ಟಗರಿಗೆ ಆ ಡಾಕ್ಟರು ಏನ್ ಔಷಧ ಕೊಟ್ರು ಹೇಳ್ರಿ. ಅದನ್ನ ತರತೀನಿ. ಹೋತನ್ನ ಅಲ್ಲೀತನಕ ಒಯ್ಯಾಕ ಆಗೂದಿಲ್ಲ."

"ಎಷ್ಟ ದಿವಸ ಆತು?"

"ಶ್ರಾವಣದಾಗ ತಿಳೀತ್ರಿ."

"ಒತ್ತಿದ್ರ ನೋಯತೈತೇನು... ಹೋತಕ್ಕ?"

"ಇಲ್ರಿ ಕಾಕಾ. ಏನೂ ನೋಯೂದಿಲ್ಲ. ಅದಕ ಸುಮ್ನ ಇದ್ದೆ," ಅಂದುಬಿಟ್ಟ ಯುವರಾಜ. ಅಂದದ್ದು ಅವನ ಕಿವಿಗೇ ಬಿದ್ದು, ಮುಖ ಫೌಜದಾರನ ಉಣ್ಣೆಯ ಕಡೆ ತಿರುಗಿಸಿದ.

ಅಮೋಗಸಿದ್ಧನಿಗೆ ಎಲ್ಲ ತಿಳಿಯಿತು. ಈ ಹುಡುಗ ತಾನು ಹೇಳುವ ಟಗರಿನ ಔಷಧ ತಂದು ನುಂಗುತ್ತಾನೆ. ಇಲ್ಲದ ಟಗರುಬೇನೆಗೆ ಇಲ್ಲದ ಔಷಧ. ಇದು ಹುಡುಗರ ಬೇನೆ ಅಂದಿದ್ದರು ಡಾಕ್ಟರು. ಹುಡುಗರಿಗೆ ಬರುವುದು ತನ್ನದರಂತೆ ಎರಡು ದೀಪಾವಳಿ ಕಾಯುವುದೋ ಇಲ್ಲವೋ ಯಾರಿಗೆ ಗೊತ್ತು? ಅಡಿಗೆಮನೆಯ ಬಾಗಿಲಲ್ಲಿ ಸುಗಲಾಬಾಯಿ ನಿಂತಿದ್ದಳು. ಅವಳು ಗಂಡನ ಮುಖವನ್ನೇ ನೋಡಿದಳು.

ಅವನು ಎದ್ದು ದೊಡ್ಡಿಯ ಬಾಗಿಲು ಹಾಕಿ ಬಂದ.

"ಟಗರಿಗೆ ಏನೂ ಆಗಿಲ್ಲೋ ಯುವರಾಜ. ಆಗಿದ್ದು ನನಗ."

ಹುಡುಗನಿಗೆ ಅರ್ಥವಾಗಲಿಲ್ಲ. ಅಮೋಗಸಿದ್ಧ ಧೋತರ ಸರಿಸಿ, ಪಟ್ಟಾಪಟ್ಟಿ ಚಡ್ಡಿಯ ಲಾಡಿ ಒಂದಿಷ್ಟು ಸಡಿಲಿಸಿ, ತೊಡೆಯ ಸಂದಿನ ಗೆರೆ ತೋರಿಸಿದ. "ಇಲ್ಲಿ ಕೊಯ್ದಾರ. ಒಂದು ತಗದಾರ. ಒಂದು ಐತಿ. ನೋಡು, ದನಿ ಹೋಗಿಲ್ಲ, ಮೀಸಿ ಹೋಗಿಲ್ಲ, ನಿಮ್ಮ ಕಾಕಿ ಬೈಯ್ಯೂದೂ ಕಮ್ಮಿ ಆಗಿಲ್ಲ."

ಯುವರಾಜ ಬಹಳ ಹೊತ್ತು ಆ ಗೆರೆ ನೋಡಿದ. ಆಮೇಲೆ ಸಣ್ಣ ಹುಡುಗನಂತೆ ನೆಲದ ಮೇಲೆ ಕೂತುಬಿಟ್ಟ. "ಹೋತ ಇಲ್ರಿ ಕಾಕಾ," ಅಂದ.

"ಗೊತ್ತೋ ನನಗ. ನಾಳಿ ಮುಂಜಾನಿ ತಯಾರಾಗು."

"ಮಂದಿ ಕೇಳಿದ್ರ ಏನ್ ಹೇಳೂದ್ರಿ? ಮದಿವಿ ಐತಿ..."

"ಅದು ನನಗ ಬಿಡು," ಅಂದ ಅಮೋಗಸಿದ್ಧ. ಆ ರಾತ್ರಿ ಮಲಗುವ ಮುಂಚೆ ಫೌಜದಾರನ ಬೆನ್ನಿನ ಪಟ್ಟಿಯನ್ನು ತಾನೇ ಬಿಚ್ಚಿದ.

ಬೆಳಿಗ್ಗೆ ಕಟ್ಟೆಯ ಹತ್ತಿರ ಟಮ್‌ಟಮ್ ನಿಂತಿತ್ತು. ಹಾಲಿನ ಡೇರಿಗೆ ಬಂದವರು, ಬಸ್ಸಿಗೆ ಕಾಯುವವರು, ಚಹಾ ಕುಡಿಯುವವರು, ಅರ್ಧ ಊರು ಅಲ್ಲೇ. ಯುವರಾಜ ಗಾಡಿಯ ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದ. ಬಂಡೆಪ್ಪ ಹಿಂದೆ ಇಣುಕಿದ.

"ಫೌಜದಾರ ಎಲ್ರಿ? ಈ ಹುಡುಗ ಯಾಕ ಹತ್ಯಾನ? ಯಾರಿಗೇನಾಗೈತ್ರಿ?"

ಎಲ್ಲರ ಮುಖ ಗಾಡಿಯ ಕಡೆ ತಿರುಗಿತು. ಯುವರಾಜನ ಕೈ ಸರಳನ್ನು ಬಿಗಿಯಾಗಿ ಹಿಡಿಯಿತು. ಅಮೋಗಸಿದ್ಧ ಎದ್ದು ನಿಂತ. ಸಂತೆಯಲ್ಲಿ ತೀರ್ಪು ಹೇಳುವ ಅದೇ ದನಿ, ಚಹಾದ ಅಂಗಡಿಯ ಒಳಗಿದ್ದವರಿಗೂ ಕೇಳುವಂಥದ್ದು.

"ಫೌಜದಾರಗ ಏನೂ ಆಗಿಲ್ಲೋ ಬಂಡೆಪ್ಪಾ, ಮದಲೂ ಆಗಿರಲಿಲ್ಲ. ಕ್ಯಾನ್ಸರ್ ಆಗಿದ್ದು ನನಗ. ಬೀಜ ಒಂದು ತಗಿಸಿದ್ದು ನಂದು. ಇವತ್ತ ನನ್ನ ತಪಾಸಣಿ ಐತಿ. ಒಬ್ಬವ ಹೋಗಾಕ ಆಗೂದಿಲ್ಲಂತ ಹುಡುಗನ್ನ ಜೋಡಿ ಕರಕೊಂಡು ಹೊಂಟೀನಿ. ಇನ್ನೂ ಏನರ ಕೇಳೂದೈತೇನು?"

ಬಂಡೆಪ್ಪನ ಬಾಯಿ ತೆರೆದೇ ಇತ್ತು. ಇಷ್ಟು ದೊಡ್ಡ ಸುದ್ದಿಯನ್ನು ಅವನು ಹಂಚುವ ಮೊದಲೇ ಎಲ್ಲರಿಗೂ ಹಂಚಿಯಾಗಿತ್ತು. ಹಿಂದಿನಿಂದ ಯಾರೋ ಕಿಸಕ್ಕೆಂದರು. ಇನ್ನೊಬ್ಬರು. ಅಮೋಗಸಿದ್ಧನ ಮುಖ ಸುಡುತ್ತಿತ್ತು, ಆದರೂ ಕೂರಲಿಲ್ಲ. ಆಗ ಡೇರಿಯ ಕಟ್ಟೆಯಿಂದ ಮುದುಕ ಕಲ್ಲಣ್ಣ ಕೈಯೆತ್ತಿದ. ಹಿಂಡು ದೊಡ್ಡದಿದ್ದವ.

"ಹಂಗಾದ್ರ ಅಮೋಗಸಿದ್ಧಾ, ಫೌಜದಾರನ ಕಡೆ ನನ್ನ ಕುರಿ ತರಬೌದೇನು?"

"ತಾರೋ ಮಾರಾಯಾ! ಕಾಯಾಕತ್ತಾನ ಅವ," ಅಂತ ಕಟ್ಟೆಯ ಎದುರಿಗಿದ್ದ ತಮ್ಮ ಮನೆಯ ಬಾಗಿಲಿಂದಲೇ ಕೂಗಿದಳು ಸುಗಲಾಬಾಯಿ. ಆಗ ಊರು ಹೊಟ್ಟೆ ಹಿಡಿದು ನಕ್ಕಿತು. ಆ ನಗುವಿನಲ್ಲಿ ಯುವರಾಜ ಯಾಕೆ ಹತ್ತಿದ್ದಾನೆ ಅನ್ನುವುದನ್ನು ಯಾರೂ ಮತ್ತೆ ಕೇಳಲಿಲ್ಲ.

ಗಾಡಿ ಊರು ದಾಟಿತು. ಅಮೋಗಸಿದ್ಧ ಚೀಲದಿಂದ ಭಂಡಾರ ತೆಗೆದು ಹುಡುಗನ ಹಣೆಗೆ ಹಚ್ಚಿದ.

"ಕಾಕಾ, ಭಾಳ ನೋಯತೈತೇನ್ರಿ?" ಅಂತ ಯುವರಾಜ ಬಂಡೆಪ್ಪನಿಗೆ ಕೇಳದಂತೆ ಪಿಸುಗುಟ್ಟಿದ.

"ನನಗೇನ್ ಗೊತ್ತೋ? ಪಟ್ಟಿ ಕಟ್ಟಿಸಿಕೊಂಡಾವ ಫೌಜದಾರ, ಅವನ್ನ ಕೇಳು."

ಯುವರಾಜ ನಕ್ಕ. ನಗುತ್ತ ನಗುತ್ತ ಅವನ ಕಣ್ಣಲ್ಲಿ ನೀರು ಬಂತು. ಅವನು ಅದನ್ನು ಒರೆಸಿಕೊಳ್ಳುವ ತನಕ ಅಮೋಗಸಿದ್ಧ ರಸ್ತೆಯ ಕಡೆ ನೋಡುತ್ತ ಕೂತ.